ಹಳೇ ವಾಲ್ವ್, ಹೊಸ ಚಿಪ್: ನಲವತ್ತು ಮೀಟರ್ ಬ್ಯಾಂಡಿಗೆ ಒಂದು ಮನೆ ಟ್ರಾನ್ಸ್‌ಮಿಟರ್

ಪ್ರಶ್ನೆ: ನಾನು ಸೇಡಂ ಕಡೆಯವನು. ಜನರಲ್ ಗ್ರೇಡ್ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದಿದೆ, ವಿಯು2 ಕಾಲ್ ಸೈನ್ ಇದೆ. ಗುಜರಿಯಲ್ಲಿ ಒಂದು ವಾಲ್ವ್ ರೇಡಿಯೋ ಸಿಕ್ಕಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಆದರೆ ಬಿಇಎಲ್ ಕಂಪನಿಯ ಇಎಲ್84 ವಾಲ್ವ್ ಚೆನ್ನಾಗಿರುವ ಹಾಗಿದೆ. ನನ್ನ ಹತ್ತಿರ ಆರ್ಡುಯಿನೋ ನ್ಯಾನೋ ಮತ್ತು ಎಸ್‌ಐ5351 ಮಾಡ್ಯೂಲ್ ಇವೆ. ಇವನ್ನೆಲ್ಲ ಸೇರಿಸಿ ಮೋರ್ಸ್ ಕಳಿಸುವ ಟ್ರಾನ್ಸ್‌ಮಿಟರ್ ಕಟ್ಟಬಹುದಾ? ನಮ್ಮ ಬಿಸಿಲಿಗೆ ಫ್ರೀಕ್ವೆನ್ಸಿ ನಿಲ್ಲುತ್ತದಾ? ಬೆಂಗಳೂರಿಗೆ ತಲುಪುತ್ತದಾ? ಗೆಳೆಯರೊಬ್ಬರು ವಾಲ್ವ್ ಈಗ ದಂಡ ಅಂತಾರೆ.

ಉತ್ತರ: ಕಟ್ಟಬಹುದು. ಚೆನ್ನಾಗಿಯೇ ಕಟ್ಟಬಹುದು. ಆದರೆ ಯಾವ ಕೆಲಸ ಯಾರಿಗೆ ಅನ್ನೋದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಆರ್ಡುಯಿನೋ ಹೇಳಿದ ಫ್ರೀಕ್ವೆನ್ಸಿ ಹುಟ್ಟಿಸುವುದು ಎಸ್‌ಐ5351 ಚಿಪ್ಪಿನ ಕೆಲಸ, ಪವರ್ ಕೊಡುವುದು ವಾಲ್ವಿನ ಕೆಲಸ. ಇವೆರಡನ್ನು ಅದಲುಬದಲು ಮಾಡಬೇಡಿ. ನಿಜವಾದ ಕಷ್ಟ ಇರುವುದು ಇವೆರಡರ ನಡುವಿನ ಗಡಿಯಲ್ಲಿ. 3 ವೋಲ್ಟ್‌ನ ಚಿಪ್ಪು ಒಂದು ಕಡೆ, 270 ವೋಲ್ಟ್‌ನ ವಾಲ್ವು ಇನ್ನೊಂದು ಕಡೆ. ಆ ಗಡಿಯನ್ನು ನೆಟ್ಟಗೆ ಕಟ್ಟಿದರೆ ಉಳಿದದ್ದೆಲ್ಲ ಸಲೀಸು, ಅದಕ್ಕೇ ಈ ಉತ್ತರದಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಡುತ್ತೇನೆ.

ಮೊದಲು ನಿಮ್ಮ ಗೆಳೆಯರ ಮಾತು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಬಿಎಸ್170 ಅನ್ನುವ ಪುಟಾಣಿ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಮೂರನ್ನು ಪ್ಯಾರಲಲ್ ಆಗಿ ಹಾಕಿದರೆ 12 ವೋಲ್ಟ್‌ನಲ್ಲೇ ಸುಮಾರು 5 ವ್ಯಾಟ್ ಬರುತ್ತದೆ, ಎಚ್‌ಟಿ (ವಾಲ್ವಿಗೆ ಬೇಕಾದ ಹೈ ವೋಲ್ಟೇಜ್) ಬೇಡ, ಹೀಟರ್ ಬೇಡ, ಜೇಬಿನಲ್ಲಿ ಇಡುವಷ್ಟು ಚಿಕ್ಕದಾಗುತ್ತದೆ. ನಮ್ಮ ಪಕ್ಕದ ಹೈದರಾಬಾದಿನ ಅಶ್ಹರ್ ಫರ್ಹಾನ್, ವಿಯು2ಇಎಸ್‌ಇ, ಸಾಮಾನ್ಯ ಬಿಡಿಭಾಗಗಳಿಂದಲೇ ಬಿಟ್‌ಎಕ್ಸ್ ಟ್ರಾನ್ಸೀವರ್ ವಿನ್ಯಾಸ ಮಾಡಿ ಜಗತ್ತಿನ ತುಂಬ ಹ್ಯಾಮ್‌ಗಳು ಮನೆಯಲ್ಲೇ ರೇಡಿಯೋ ಕಟ್ಟುವ ಹಾಗೆ ಮಾಡಿದರು. ಬರೀ ಪವರ್ ಲೆಕ್ಕ ಹಾಕಿದರೆ ವಾಲ್ವ್ ಬೇಕಾಗಿಲ್ಲ. ಆದರೆ ವಾಲ್ವಿಗೆ ಒಂದು ಗುಣ ಇದೆ, ಅದು ಕಲಿಯುವವರನ್ನು ಕ್ಷಮಿಸುತ್ತದೆ. ಆಂಟೆನಾ ಕಳಚಿಕೊಂಡಾಗ ಬಿಎಸ್170 ಒಂದು ಕ್ಷಣದಲ್ಲಿ ಸುಡಬಹುದು. ಇಎಲ್84 ಆದರೆ ಪ್ಲೇಟ್ ನಸುಗೆಂಪಾಗಿ ನಿಮಗೆ ಎಚ್ಚರಿಕೆ ಕೊಡುತ್ತದೆ, ನೀವು ಕೀ ಬಿಟ್ಟರೆ ಮತ್ತೆ ಮೊದಲಿನಂತೆ ಆಗುತ್ತದೆ. ಟ್ಯೂನ್ ಮಾಡುವಾಗ ಪ್ಲೇಟ್ ಕರೆಂಟ್ ಹೇಗೆ ಕುಸಿಯುತ್ತದೆ, ಲೋಡ್ ಹೆಚ್ಚಿಸಿದಾಗ ಹೇಗೆ ಏರುತ್ತದೆ ಅನ್ನೋದನ್ನು ಮೀಟರ್ ಮುಳ್ಳಿನಲ್ಲಿ ಕಣ್ಣಾರೆ ನೋಡುತ್ತೀರಿ. ಈ ವಿದ್ಯೆ ಬೇರೆ ಕಡೆ ಇಷ್ಟು ಸ್ಪಷ್ಟವಾಗಿ ಸಿಗಲ್ಲ. ಇದು ದಂಡ ಅಲ್ಲ.

ಹಾಗಿದ್ದರೆ ಪೂರ್ತಿ ವಾಲ್ವಿನದ್ದೇ ಯಾಕೆ ಕಟ್ಟಬಾರದು? ಬಿಸಿಲಿಗಾಗಿ. ಕಾಯಿಲ್ ಮತ್ತು ಕೆಪಾಸಿಟರ್ ಇಟ್ಟು ಮಾಡಿದ ಹಳೇ ಪದ್ಧತಿಯ ವಿಎಫ್‌ಒ (ಫ್ರೀಕ್ವೆನ್ಸಿ ಬದಲಿಸಬಹುದಾದ ಆಸಿಲೇಟರ್) ಒಂದು ಡಿಗ್ರಿಗೆ ನೂರು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ನೂರು ಭಾಗ, ಜಾರಿತು ಅಂದುಕೊಳ್ಳಿ. 7 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಲವತ್ತು ಮೀಟರ್ ಬ್ಯಾಂಡಿನಲ್ಲಿ, ಅದು 700 ಹರ್ಟ್ಸ್. ಮೇ ತಿಂಗಳ ಕಲಬುರಗಿಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಕೋಣೆ ಹತ್ತು ಡಿಗ್ರಿ ಕಾಯುವುದು ದೊಡ್ಡ ಮಾತಲ್ಲ, ಅದರ ಮೇಲೆ ವಾಲ್ವಿನ ಶಾಖ ಬೇರೆ, ಹಾಗಾಗಿ ನೀವು ಮಾತಾಡುತ್ತಿರುವವರ ರಿಸೀವರಿನಿಂದಲೇ ಆಚೆ ಹೋಗಿಬಿಡುತ್ತೀರಿ. ಎಸ್‌ಐ5351 ಮಾಡ್ಯೂಲಿನ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಹತ್ತು ಪಿಪಿಎಂ ಜಾರಿದರೂ 7 ಮೆಗಾಹರ್ಟ್ಸ್‌ನಲ್ಲಿ ಬರೀ 70 ಹರ್ಟ್ಸ್. ಮೋರ್ಸ್‌ಗೆ ಅದು ಏನೂ ಅಲ್ಲ. ಇನ್ನೊಂದು ಲಾಭ ಇದೆ. ವಾಲ್ವ್ ಆಸಿಲೇಟರನ್ನೇ ಕೀ ಮಾಡಿದಾಗ ಪ್ರತಿ ಡಿಟ್‌ಗೂ, ಅಂದರೆ ಮೋರ್ಸ್‌ನ ಪ್ರತಿ ಚುಕ್ಕೆಗೂ, ಫ್ರೀಕ್ವೆನ್ಸಿ ಕುಂಯ್ ಅಂತ ಎಳೆಯುತ್ತದೆ, ಅದನ್ನು ಚಿರ್ಪ್ ಅಂತೀವಿ. ಚಿಪ್ಪು ಸತತವಾಗಿ ಓಡುತ್ತಿದ್ದು, ಮುಂದಿನ ಹಂತವನ್ನು ಮಾತ್ರ ನೀವು ಕೀ ಮಾಡಿದರೆ ಚಿರ್ಪ್ ಬರುವ ದಾರಿಯೇ ಇಲ್ಲ.

ಈಗ ಕೈಯಲ್ಲಿರುವ ವಾಲ್ವ್ ನೋಡೋಣ. ಗಾಜಿನ ತಲೆಯ ಒಳಗೆ ಬೆಳ್ಳಿ ಬಣ್ಣದ ಮಚ್ಚೆ ಇರುತ್ತದೆ, ಅದು ಗೆಟರ್. ಬೆಳ್ಳಿಯೋ ಕಂದೋ ಆಗಿದ್ದರೆ ಸರಿ. ಹಾಲಿನ ಹಾಗೆ ಬಿಳಿ ಆಗಿದ್ದರೆ ಒಳಗೆ ಗಾಳಿ ಹೋಗಿದೆ, ಆ ವಾಲ್ವ್ ಮುಗಿಯಿತು. ಆಮೇಲೆ ಮಲ್ಟಿಮೀಟರಿನಲ್ಲಿ 4 ಮತ್ತು 5ನೇ ಪಿನ್ ನಡುವೆ ಹೀಟರ್ ಕಂಟಿನ್ಯುಟಿ ನೋಡಿ. ಕೆಳಗಿನಿಂದ ನೋಡಿದಾಗ ಪಿನ್‌ಗಳ ನಡುವಿನ ದೊಡ್ಡ ಸಂದಿನಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. 2 ಗ್ರಿಡ್, 3 ಕ್ಯಾಥೋಡ್, 7 ಪ್ಲೇಟ್, 9 ಸ್ಕ್ರೀನ್. ಹೀಟರ್ 6.3 ವೋಲ್ಟ್, 0.76 ಆಂಪಿಯರ್. ಪ್ಲೇಟಿಗೆ ಗರಿಷ್ಠ 300 ವೋಲ್ಟ್, ಪ್ಲೇಟ್ ತಾಳಿಕೊಳ್ಳುವ ಶಾಖ 12 ವ್ಯಾಟ್. ಆಡಿಯೋಗೆ ಅಂತ ಹುಟ್ಟಿದ ವಾಲ್ವ್ ಇದು, ಆದರೆ 7 ಮೆಗಾಹರ್ಟ್ಸ್‌ನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಂಗಳೂರಿನ ಬಿಇಎಲ್ ತಯಾರಿಸಿದ ಇಎಲ್84 ಗಟ್ಟಿ ಮಾಲು, ಜೋಪಾನ ಮಾಡಿ.

ಆ ಹಳೇ ರೇಡಿಯೋದ ಚಾಸಿಸ್ ಮೇಲೇ ಕಟ್ಟಬೇಕು ಅನ್ನಿಸಬಹುದು. ಅದರಲ್ಲಿದ್ದ ವಾಲ್ವ್‌ಗಳು ಇ ಅಕ್ಷರದಿಂದ ಶುರುವಾಗುವವೇ ಆಗಿದ್ದು ಟ್ರಾನ್ಸ್‌ಫಾರ್ಮರ್ ಇದ್ದದ್ದರಿಂದ ನಿಮ್ಮದು ಪರವಾಗಿಲ್ಲ. ಬೇರೆ ಓದುಗರಿಗೆ ಒಂದು ಮಾತು: ಯುಎಲ್84, ಯುಸಿಎಚ್81 ಇರುವ ಎಸಿ ಡಿಸಿ ಸೆಟ್‌ಗಳಲ್ಲಿ ಮೇನ್ಸ್ ವೈರ್ ಒಂದು ನೇರವಾಗಿ ಚಾಸಿಸ್‌ಗೇ ಸೇರಿರುತ್ತದೆ. ಪ್ಲಗ್ ತಿರುವಿ ಹಾಕಿದರೆ ಇಡೀ ಚಾಸಿಸ್ 230 ವೋಲ್ಟ್. ಆ ಸರ್ಕ್ಯೂಟನ್ನು ಟ್ರಾನ್ಸ್‌ಮಿಟರಿಗೆ ಮುಟ್ಟಲೇಬೇಡಿ. ಹಳೆಯ ಪೇಪರ್ ಕೆಪಾಸಿಟರ್ ಮತ್ತು ಎಲೆಕ್ಟ್ರೋಲಿಟಿಕ್ ಒಂದನ್ನೂ ಇಟ್ಟುಕೊಳ್ಳಬೇಡಿ, ಎಲ್ಲ ತೆಗೆದು ಹೊಸದು ಹಾಕಿ. ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ಮಾತ್ರ ಚಿನ್ನ, ಅದನ್ನು ತೆಗೆದಿಡಿ. ಬ್ರಶ್ ಹಾಕಿ ದೂಳು ತೆಗೆದು, ತಿರುಗುವ ಕಡೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟರೆ ಹೊಸದರಂತೆ ಆಗುತ್ತದೆ.

ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂದಿರಿ. ರಿವೈಂಡ್ ಮಾಡಿಸುವುದಕ್ಕಿಂತ ಸುಲಭದ ದಾರಿ ಇದೆ. 6-0-6 ವೋಲ್ಟ್, 3 ಆಂಪಿಯರ್‌ನ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಎರಡು ತಗೊಳ್ಳಿ. ಮೊದಲನೆಯದರ 12 ವೋಲ್ಟ್ ತುದಿಗಳನ್ನು ಎರಡನೆಯದರ 12 ವೋಲ್ಟ್ ತುದಿಗಳಿಗೆ ಕೊಡಿ, ಎರಡನೆಯದರ 230 ವೋಲ್ಟ್ ಬದಿಯಿಂದ ಮೇನ್ಸಿಗೆ ಸಂಬಂಧವೇ ಇಲ್ಲದ ಎಸಿ ಬರುತ್ತದೆ. ನಷ್ಟ ಕಳೆದು ಲೋಡ್‌ನಲ್ಲಿ ಸುಮಾರು 190 ರಿಂದ 200 ವೋಲ್ಟ್. ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಜ್, 47 ಮೈಕ್ರೋಫ್ಯಾರಡ್ 450 ವೋಲ್ಟ್ ಕೆಪಾಸಿಟರ್ ಹಾಕಿದರೆ ಡಿಸಿ 270 ಆಸುಪಾಸು. ಹೀಟರಿಗೆ ಮೊದಲ ಟ್ರಾನ್ಸ್‌ಫಾರ್ಮರಿನ 6 ವೋಲ್ಟ್ ಅರ್ಧ ಸಾಕು, 6 ವೋಲ್ಟ್‌ಗೂ ಈ ವಾಲ್ವ್ ಬೇಜಾರಿಲ್ಲದೆ ಉರಿಯುತ್ತದೆ. ಹಳ್ಳಿ ಕಡೆ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುತ್ತದೆ, ರಾತ್ರಿ ಏರುತ್ತದೆ, ಅಲ್ವಾ? ನಿಮ್ಮ ಎಚ್‌ಟಿಯೂ ಅದರ ಜೊತೆಗೇ ಏರಿಳಿಯುತ್ತದೆ. ಆದ್ದರಿಂದ ಲೋಡ್ ಇಲ್ಲದಿದ್ದಾಗ ಎಷ್ಟು ಅಂತ ಅಳೆಯಿರಿ. 300 ದಾಟುತ್ತಿದ್ದರೆ ಬ್ರಿಜ್ ಆದಮೇಲೆ ಒಂದು ರೆಸಿಸ್ಟರ್, ಅದಾದ ಮೇಲೆ ಇನ್ನೊಂದು 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಬ್ಲೀಡರ್ ರೆಸಿಸ್ಟರಿನ ಓಮ್ ಸ್ವಲ್ಪ ಇಳಿಸಿ ವೋಲ್ಟೇಜ್ ಕೆಳಗೆ ತನ್ನಿ.

ಬ್ಲೀಡರ್ ಅಂದೆ. ಎಚ್‌ಟಿ ಕೆಪಾಸಿಟರ್ ಅಡ್ಡಲಾಗಿ 100 ಕಿಲೋ ಓಮ್, 2 ವ್ಯಾಟ್ ರೆಸಿಸ್ಟರ್ ಇರಲೇಬೇಕು. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್ ಖಾಲಿಯಾಗಲು ಸುಮಾರು ಅರ್ಧ ನಿಮಿಷ ಬೇಕು, ಅಷ್ಟು ಕಾದು, ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಬ್ಲೀಡರ್ ಒಂದು ದಿನ ಕಟ್ ಆಗಿರುತ್ತದೆ, ಅದು ನಿಮಗೆ ಹೇಳಿ ಕಟ್ ಆಗಲ್ಲ. ನಮ್ಮ ಮನೆಗಳ ಶಹಾಬಾದಿ ಪರಸಿ ನೆಲ ತಂಪಾಗಿದೆ ಅಂತ ಬರಿಗಾಲಲ್ಲಿ ಕೂತು ಎಚ್‌ಟಿ ಕೆಲಸ ಮಾಡಬೇಡಿ, ಒರೆಸಿದ ಹಸಿ ಕಲ್ಲು ಕರೆಂಟಿಗೆ ಒಳ್ಳೆ ದಾರಿ. ರಬ್ಬರ್ ಚಾಪೆ, ಕಾಲಿಗೆ ಚಪ್ಪಲಿ, ಅಳೆಯುವಾಗ ಒಂದು ಕೈ ಬೆನ್ನ ಹಿಂದೆ. 270 ವೋಲ್ಟ್ ಡಿಸಿ ಮನುಷ್ಯನನ್ನು ಕೊಲ್ಲುತ್ತದೆ. ಇದನ್ನು ನಾನು ಹೆದರಿಸೋಕೆ ಹೇಳುತ್ತಿಲ್ಲ, ನೀವು ಇದನ್ನು ಕಟ್ಟಿ ವರ್ಷಗಟ್ಟಲೆ ಓಡಿಸಬೇಕು ಅನ್ನೋ ಆಸೆಯಿಂದ ಹೇಳುತ್ತಿದ್ದೇನೆ. ಮೊದಲ ಸಲ ಪವರ್ ಕೊಡುವಾಗ ರಿಪೇರಿಯವರ ಸೀರೀಸ್ ಬಲ್ಬ್ ಬೋರ್ಡ್ ಮೂಲಕವೇ ಕೊಡಿ. 60 ವ್ಯಾಟ್ ಬಲ್ಬ್ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ.

ಇನ್ನೊಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಬೇಕು, 12-0-12, ಅರ್ಧ ಆಂಪಿಯರ್ ಸಾಕು. ಅದರಿಂದ 7812 ಮೂಲಕ ಡ್ರೈವರಿಗೆ (ವಾಲ್ವಿಗೆ ಸಿಗ್ನಲ್ ಕೊಡುವ ಹಂತಕ್ಕೆ) 12 ವೋಲ್ಟ್, 7805 ಮೂಲಕ ಆರ್ಡುಯಿನೋಗೆ 5 ವೋಲ್ಟ್. ಅದೇ ಟ್ರಾನ್ಸ್‌ಫಾರ್ಮರಿನ ಒಂದು ತುದಿಯಿಂದ ಎರಡು ಡಯೋಡ್ ಎರಡು ಕೆಪಾಸಿಟರ್‌ನ ವೋಲ್ಟೇಜ್ ಡಬ್ಲರ್ ಮಾಡಿ ಮೈನಸ್ 30 ವೋಲ್ಟ್ ಚಿಲ್ಲರೆ ತೆಗೆಯಿರಿ. ಈ ಮೈನಸ್ ವೋಲ್ಟೇಜೇ ನಿಮ್ಮ ವಾಲ್ವನ್ನು ಕಾಯುವ ಕಾವಲುಗಾರ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಹಳೆಯ ಸರ್ಕ್ಯೂಟ್‌ಗಳಲ್ಲಿ ಗ್ರಿಡ್‌ಗೆ ಬರೀ ಒಂದು 22 ಕಿಲೋ ಓಮ್ ರೆಸಿಸ್ಟರ್ ಹಾಕಿ ಬಿಡುತ್ತಿದ್ದರು. ಡ್ರೈವ್, ಅಂದರೆ ಸಿಗ್ನಲ್, ಬಂದಾಗ ಗ್ರಿಡ್ ಕರೆಂಟ್ ಹರಿದು ಬಯಾಸ್, ಅಂದರೆ ಗ್ರಿಡ್ಡಿನ ಮೈನಸ್ ವೋಲ್ಟೇಜ್, ತಾನಾಗಿಯೇ ಹುಟ್ಟುತ್ತದೆ. ಡ್ರೈವ್ ಇರುವ ತನಕ ಚೆನ್ನ. ಆದರೆ ನಿಮ್ಮ ಡ್ರೈವ್ ಬರುವುದು ಒಂದು ಪ್ರೋಗ್ರಾಮಿನಿಂದ. ಆರ್ಡುಯಿನೋ ಹ್ಯಾಂಗ್ ಆದರೆ, ಒಂದು ವೈರ್ ಬಿಟ್ಟರೆ, ಅಥವಾ ನೀವು ಕೀ ಮೇಲೆತ್ತಿದರೆ ಡ್ರೈವ್ ಸೊನ್ನೆ, ಬಯಾಸ್ ಸೊನ್ನೆ, ವಾಲ್ವ್ ಪೂರ್ತಿ ತೆರೆದುಕೊಂಡು ಪ್ಲೇಟ್ ಕೆಂಡ ಆಗುತ್ತದೆ. ಆದ್ದರಿಂದ ಡ್ರೈವ್ ಇಲ್ಲದಾಗಲೂ ವಾಲ್ವ್ ಮುಚ್ಚಿರುವಷ್ಟು ಮೈನಸ್ ಬಯಾಸ್ ಯಾವಾಗಲೂ ಇರಬೇಕು. ಇಎಲ್84ರಲ್ಲಿ ಸ್ಕ್ರೀನ್ ವೋಲ್ಟೇಜನ್ನು 19ರಿಂದ ಭಾಗಿಸಿದರೆ ಕಟ್‌ಆಫ್ ಅಂದಾಜು ಸಿಗುತ್ತದೆ. 270 ಭಾಗಿಸು 19 ಅಂದರೆ 14, ಬಾಲದ ಕರೆಂಟೂ ನಿಲ್ಲಬೇಕಾದರೆ ಇನ್ನೂ ಸ್ವಲ್ಪ ಬೇಕು. ಹಾಗಾಗಿ ಮೈನಸ್ 21 ಇಡಿ, ಅದು ಅದೇ 22 ಕಿಲೋ ಓಮ್ ರೆಸಿಸ್ಟರ್ ಮೂಲಕ ಗ್ರಿಡ್ಡಿಗೆ ಹೋಗಲಿ. 10 ಕಿಲೋ ಓಮ್ ಪಾಟ್‌ನಿಂದ ಹೊಂದಿಸಿಕೊಳ್ಳಿ, ಪಾಟ್‌ನ ನಡುವಿನ ಕಾಲಿನಿಂದ ಮೈನಸ್ ತುದಿಗೆ ಒಂದು 47 ಕಿಲೋ ಓಮ್ ರೆಸಿಸ್ಟರ್ ಹಾಕಿ. ನಮ್ಮ ದೂಳಿಗೆ ಪಾಟ್ ಒಂದಲ್ಲ ಒಂದು ದಿನ ಬಿಟ್ಟು ಹಿಡಿಯುತ್ತದೆ, ಆಗ ಈ ರೆಸಿಸ್ಟರ್ ಬಯಾಸನ್ನು ಇನ್ನೂ ಮೈನಸ್ ಕಡೆಗೇ ಎಳೆಯುತ್ತದೆ, ವಾಲ್ವ್ ಉಳಿಯುತ್ತದೆ. ಎಚ್‌ಟಿಗೆ ಬೇರೆ ಸ್ವಿಚ್ ಇಡಿ. ಬಯಾಸ್ ಮೊದಲು, ಹೀಟರ್ ಕಾಯಲಿ, ಆಮೇಲೆ ಎಚ್‌ಟಿ.

ಈಗ ಗಡಿ. ಎಸ್‌ಐ5351 ಕೊಡುವುದು ಸುಮಾರು 3 ವೋಲ್ಟ್ ಪೀಕ್ ಟು ಪೀಕ್ ಚೌಕ ಅಲೆ. ಮೈನಸ್ 21ರಲ್ಲಿ ಕೂತ ಗ್ರಿಡ್ಡಿಗೆ ಇದು ಸೊಳ್ಳೆ ಕಚ್ಚಿದಷ್ಟೂ ಅಲ್ಲ. ಗ್ರಿಡ್ ಸೊನ್ನೆ ದಾಟಿ ಒಂದಿಷ್ಟು ಪ್ಲಸ್‌ಗೆ ಹೋಗಬೇಕಾದರೆ ಸುಮಾರು 30 ವೋಲ್ಟ್ ಪೀಕ್ ಬೇಕು. ಇದಕ್ಕೆ ಒಂದೇ ಒಂದು ಬಿಎಸ್170 ಸಾಕು. ಚಿಪ್ಪಿನ ಔಟ್‌ಪುಟ್ ಮೊದಲು 5 ವೋಲ್ಟ್‌ನಲ್ಲಿ ಓಡುವ 74ಎಸಿಟಿ00 ಗೇಟ್‌ಗೆ ಹೋಗಲಿ, ಅದು 3 ವೋಲ್ಟ್ ಸಿಗ್ನಲನ್ನು ಸರಿಯಾಗಿ ಗುರುತಿಸಿ ಗಟ್ಟಿಯಾದ 5 ವೋಲ್ಟ್ ಅಲೆ ಮಾಡುತ್ತದೆ. ಅಲ್ಲಿಂದ ಬಿಎಸ್170 ಗೇಟ್. ಡ್ರೈನ್‌ನಲ್ಲಿ ಟಿ50-2 ಟೊರಾಯ್ಡ್ ಮೇಲೆ 30 ಸುತ್ತು, ಇದು ಸುಮಾರು 4.4 ಮೈಕ್ರೋಹೆನ್ರಿ. ತಂಪು ತುದಿ 12 ವೋಲ್ಟ್‌ಗೆ, ಅಲ್ಲಿ 100 ನ್ಯಾನೋಫ್ಯಾರಡ್ ಬೈಪಾಸ್. ತಂಪು ತುದಿಯಿಂದ 12ನೇ ಸುತ್ತಿನಲ್ಲಿ ಟ್ಯಾಪ್ ತೆಗೆದು ಅದಕ್ಕೆ ಡ್ರೈನ್ ಕೊಡಿ, ಬಿಸಿ ತುದಿಯಿಂದ 1 ನ್ಯಾನೋಫ್ಯಾರಡ್ ಮೂಲಕ ಗ್ರಿಡ್ಡಿಗೆ. ಡ್ರೈನ್‌ನಲ್ಲಿ 12 ವೋಲ್ಟ್ ಏರಿಳಿದರೆ ಗ್ರಿಡ್ಡಿನಲ್ಲಿ ಎರಡೂವರೆ ಪಟ್ಟು, ಅಂದರೆ 30. ಬಿಎಸ್170 ತಡೆಯುವುದು 60 ವೋಲ್ಟ್, ಆದ್ದರಿಂದ ಅದಕ್ಕೂ ತೊಂದರೆ ಇಲ್ಲ. 7.05 ಮೆಗಾಹರ್ಟ್ಸ್‌ಗೆ ಈ ಕಾಯಿಲ್ ಜೊತೆ ಒಟ್ಟು 115 ಪಿಕೋಫ್ಯಾರಡ್ ಬೇಕು. ವಾಲ್ವಿನ ಗ್ರಿಡ್ ತಾನೇ 11 ಕೊಡುತ್ತದೆ, ವೈರಿಂಗ್ ಒಂದಿಷ್ಟು, ಉಳಿದದ್ದು 56ರ ಮೈಕಾ ಮತ್ತು ಒಂದು ಟ್ರಿಮ್ಮರ್. ಚೌಕ ಅಲೆ ಈ ಕಾಯಿಲ್ ದಾಟುವಷ್ಟರಲ್ಲಿ ದುಂಡಗಾಗಿ ಗ್ರಿಡ್ ತಲುಪುತ್ತದೆ.

ಕಾಯಿಲ್ ಅಡ್ಡಲಾಗಿ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ. ಸುಮಾರು ನೂರು ಮಿಲಿವ್ಯಾಟ್ ಡ್ರೈವ್ ಇದರಲ್ಲಿ ಹೋಗುತ್ತದೆ, ಹೋಗಲಿ. ಇದು ಬೇಕಾಗುವುದು ಇಎಲ್84ರ ಚುರುಕುತನಕ್ಕೆ. ಇದರ ಟ್ರಾನ್ಸ್‌ಕಂಡಕ್ಟನ್ಸ್ ವೋಲ್ಟ್‌ಗೆ 11 ಮಿಲಿಆಂಪಿಯರ್, ಗ್ರಿಡ್ ಮತ್ತು ಪ್ಲೇಟ್ ನಡುವೆ ಅರ್ಧ ಪಿಕೋಫ್ಯಾರಡ್ ತನಕ ಇರಬಹುದು, ಎರಡೂ ಕಡೆ ಒಂದೇ ಫ್ರೀಕ್ವೆನ್ಸಿಗೆ ಟ್ಯೂನ್ ಆದ ಕಾಯಿಲ್ ಇವೆ. ಬಿಟ್ಟರೆ ತಾನೇ ಆಸಿಲೇಟರ್ ಆಗಿಬಿಡುತ್ತದೆ. 4.7 ಕಿಲೋ ಓಮ್ ಅದಕ್ಕೆ ಲಗಾಮು. ಜೊತೆಗೆ ಗ್ರಿಡ್ ಪಿನ್ನಿಗೆ ಅಂಟಿಕೊಂಡಂತೆ 47 ಓಮ್ ರೆಸಿಸ್ಟರ್, ಪ್ಲೇಟ್ ಪಿನ್ನಿನಲ್ಲಿ 47 ಓಮ್ 2 ವ್ಯಾಟ್ ಕಾರ್ಬನ್ ರೆಸಿಸ್ಟರ್ ಮೇಲೆ ನಾಲ್ಕೈದು ಸುತ್ತು ತಂತಿ. ಗ್ರಿಡ್ ಕಾಯಿಲ್ ಚಾಸಿಸ್ ಕೆಳಗೆ, ಪ್ಲೇಟ್ ಕಾಯಿಲ್ ಚಾಸಿಸ್ ಮೇಲೆ. ಇವೆರಡು ಒಂದನ್ನೊಂದು ನೋಡಬಾರದು. ಸ್ಕ್ರೀನ್‌ಗೆ 10 ಕಿಲೋ ಓಮ್ ಮೂಲಕ ಎಚ್‌ಟಿ, ಪಿನ್ನಲ್ಲೇ 10 ನ್ಯಾನೋಫ್ಯಾರಡ್ ಬೈಪಾಸ್.

ಪ್ಲೇಟ್ ಬದಿ ಹಳೇ ಕಾಲದ ಪೈ ನೆಟ್‌ವರ್ಕ್, ಅಂದರೆ ವಾಲ್ವನ್ನು ಆಂಟೆನಾಗೆ ಹೊಂದಿಸುವ ಕಾಯಿಲ್ ಕೆಪಾಸಿಟರ್ ಜೋಡಣೆ. 270 ವೋಲ್ಟ್, 40 ಮಿಲಿಆಂಪಿಯರ್ ಅಂದುಕೊಂಡರೆ ಒಳಗೆ ಹೋಗುವುದು ಸುಮಾರು 11 ವ್ಯಾಟ್, ಹೊರಗೆ ಬರುವುದು 6 ರಿಂದ 7. ಪ್ಲೇಟಿನಲ್ಲಿ ಉಳಿಯುವ ಶಾಖ 4 ವ್ಯಾಟ್ ಚಿಲ್ಲರೆ, 12ರ ಮಿತಿಗೆ ಬಹಳ ಕೆಳಗೆ. ಪ್ಲೇಟ್ ಲೋಡ್ ಅಂದರೆ ವೋಲ್ಟೇಜನ್ನು ಕರೆಂಟಿನ ಎರಡರಷ್ಟರಿಂದ ಭಾಗಿಸಿದ್ದು, 3,400 ಓಮ್ ಹತ್ತಿರ. ಕ್ಯೂ (ಟ್ಯೂನಿಂಗ್ ಎಷ್ಟು ಚೂಪು ಅನ್ನೋ ಅಳತೆ) 12 ಇಟ್ಟರೆ ಪ್ಲೇಟ್ ಬದಿಗೆ 80 ಪಿಕೋಫ್ಯಾರಡ್, ಆಂಟೆನಾ ಬದಿಗೆ 480, ನಡುವೆ 7 ಮೈಕ್ರೋಹೆನ್ರಿ ಬರುತ್ತದೆ. ನಿಮ್ಮ ರೇಡಿಯೋದ ಗ್ಯಾಂಗ್ ಕಂಡೆನ್ಸರಿನ ಎರಡೂ ಭಾಗ ಸೇರಿಸಿದರೆ ಆಂಟೆನಾ ಬದಿಗೆ ಬೇಕಾದಷ್ಟಾಯಿತು. ಪ್ಲೇಟ್ ಬದಿಗೆ ಇನ್ನೊಂದು ಗ್ಯಾಂಗ್ ಹುಡುಕಿ ಅದರ ಒಂದು ಭಾಗಕ್ಕೆ 150 ಪಿಕೋಫ್ಯಾರಡ್ 1 ಕಿಲೋವೋಲ್ಟ್ ಮೈಕಾ ಸೀರೀಸ್ ಹಾಕಿ, ಟ್ಯೂನಿಂಗ್ ನಿಧಾನಕ್ಕೆ ನವಿರಾಗಿ ಸಿಗುತ್ತದೆ. ಕಾಯಿಲ್‌ಗೆ ಪ್ಲಂಬಿಂಗ್ ಅಂಗಡಿಯ 32 ಎಂಎಂ ಪಿವಿಸಿ ಪೈಪ್ ತುಂಡಿನ ಮೇಲೆ 18 ಗೇಜ್ ಎನಾಮಲ್ ತಂತಿ 15 ಸುತ್ತು, 20 ಎಂಎಂ ಉದ್ದಕ್ಕೆ ಹರಡಿ. ಅಷ್ಟೇ.

ಪ್ಲೇಟಿಗೆ ಎಚ್‌ಟಿ 1 ಮಿಲಿಹೆನ್ರಿ ಚೋಕ್ ಮೂಲಕ ಬರುತ್ತದೆ, ಆರ್‌ಎಫ್ (ರೇಡಿಯೋ ಸಿಗ್ನಲ್) 1 ನ್ಯಾನೋಫ್ಯಾರಡ್ 2 ಕಿಲೋವೋಲ್ಟ್ ಸೆರಾಮಿಕ್ ಮೂಲಕ ಪೈ ನೆಟ್‌ವರ್ಕಿಗೆ ಹೋಗುತ್ತದೆ. ಆ ಒಂದು ಕೆಪಾಸಿಟರ್ ಶಾರ್ಟ್ ಆದರೆ 270 ವೋಲ್ಟ್ ನೇರವಾಗಿ ಮಾಳಿಗೆ ಮೇಲಿನ ಆಂಟೆನಾ ವೈರಿಗೆ ಹೋಗುತ್ತದೆ. ಮೇಲೆ ಮಕ್ಕಳು ಆಡುತ್ತಿರುತ್ತಾರೆ, ಬಟ್ಟೆ ಒಣಹಾಕುತ್ತಿರುತ್ತಾರೆ. ಆದ್ದರಿಂದ ಔಟ್‌ಪುಟ್ ಸಾಕೆಟ್ಟಿನಿಂದ ಭೂಮಿಗೆ ಇನ್ನೊಂದು 1 ಮಿಲಿಹೆನ್ರಿ ಚೋಕ್ ಹಾಕಲೇಬೇಕು. ಆರ್‌ಎಫ್‌ಗೆ ಅದು ಇಲ್ಲದಂತೆ, ಡಿಸಿಗೆ ಅದು ನೇರ ಶಾರ್ಟ್, ಎಚ್‌ಟಿ ಫ್ಯೂಸ್ ಹಾರಿ ಎಲ್ಲ ನಿಲ್ಲುತ್ತದೆ. ಎಚ್‌ಟಿ ಲೈನಿನಲ್ಲಿ 160 ಮಿಲಿಆಂಪಿಯರ್ ಫ್ಯೂಸ್ ಇರಲಿ.

ಪೈ ನೆಟ್‌ವರ್ಕ್ ಒಂದನ್ನೇ ನಂಬಿ ಗಾಳಿಗೆ ಹೋಗಬೇಡಿ. ಹೀಗೆ ಕಟ್‌ಆಫ್ ಆಚೆ ಬಯಾಸ್ ಇಟ್ಟ ಕ್ಲಾಸ್ ಸಿ ವಾಲ್ವ್ 14 ಮತ್ತು 21 ಮೆಗಾಹರ್ಟ್ಸ್‌ನಲ್ಲೂ ಕೂಗುತ್ತದೆ, ಅವೇ ಹಾರ್ಮೋನಿಕ್. ಹೊರಗೆ ಒಂದು ಲೋ ಪಾಸ್ ಫಿಲ್ಟರ್ ಬೇಕು: ಟಿ37-6 ಟೊರಾಯ್ಡ್ ಮೂರು, ಸುತ್ತುಗಳು 21, 24, 21, ತುದಿಗಳ ಕೆಪಾಸಿಟರ್ 270 ಪಿಕೋಫ್ಯಾರಡ್, ನಡುವಿನವು 680. ಕ್ಯೂಆರ್‌ಪಿ, ಅಂದರೆ ಕಡಿಮೆ ಪವರಿನ, ಹ್ಯಾಮ್‌ಗಳು ವರ್ಷಗಳಿಂದ ಬಳಸುವ ಅಳತೆ ಇದು.

ಕೀ ವಿಷಯ. ಕೀಯಿಂದ ಎಚ್‌ಟಿ ಕತ್ತರಿಸುವ ಕೆಲಸ ಮಾಡಬೇಡಿ. ಬಿಎಸ್170ರ 12 ವೋಲ್ಟನ್ನು ಒಂದು ಬಿಡಿ140 ಪಿಎನ್‌ಪಿ ಟ್ರಾನ್ಸಿಸ್ಟರ್ ಮೂಲಕ ಕೊಡಿ, ಅದರ ಬೇಸ್‌ನಲ್ಲಿ ರೆಸಿಸ್ಟರ್ ಕೆಪಾಸಿಟರ್ ಇಟ್ಟು ಏರಿಕೆ ಇಳಿಕೆ ಐದೈದು ಮಿಲಿಸೆಕೆಂಡ್ ಮಾಡಿ. ಥಟ್ಟನೆ ಆನ್ ಆದರೆ ಪಕ್ಕದವರ ರಿಸೀವರಿನಲ್ಲಿ ಟಕ್ ಟಕ್ ಅಂತ ಕ್ಲಿಕ್ ಕೇಳುತ್ತದೆ, ಅದು ಒಳ್ಳೆ ಆಪರೇಟರ್ ಲಕ್ಷಣ ಅಲ್ಲ. ಕೀಯಲ್ಲಿ 12 ವೋಲ್ಟ್ ಮಾತ್ರ ಇರುವುದರಿಂದ ಬೆರಳಿಗೂ ಅಪಾಯ ಇಲ್ಲ. ಕೇಳುವಾಗ ಚಿಪ್ಪಿನ ಸಿಗ್ನಲ್ ನಿಮ್ಮ ರಿಸೀವರಿಗೇ ಅಡ್ಡ ಬರುತ್ತದೆ, ಹಾಗಾಗಿ ಕೀ ಬಿಟ್ಟು ಒಂದು ಕ್ಷಣ ಆದಮೇಲೆ ಪ್ರೋಗ್ರಾಮಿನಲ್ಲಿ ಆ ಔಟ್‌ಪುಟ್ ಆಫ್ ಮಾಡಿ.

ನಿಮಗೆ ಖಂಡಿತ ಎದುರಾಗುವ ತೊಂದರೆ ಒಂದಿದೆ. ಕೀ ಒತ್ತಿದ ಕೂಡಲೇ ಫ್ರೀಕ್ವೆನ್ಸಿ ತೋರಿಸುವ ಓಎಲ್ಇಡಿ ಪರದೆ ಗಟ್ಟಿಯಾಗಿ ನಿಲ್ಲುತ್ತದೆ, ಇಲ್ಲ ಫ್ರೀಕ್ವೆನ್ಸಿ ತಾನೇ ಬದಲಾಗುತ್ತದೆ. ಪ್ರೋಗ್ರಾಮ್ ತಪ್ಪು ಅಂತ ರಾತ್ರಿಯಿಡೀ ಹುಡುಕಬೇಡಿ, ಅದು ಆರ್‌ಎಫ್. ಆರ್ಡುಯಿನೋ ಚಿಪ್ಪು ಮತ್ತು ಪರದೆಯ ಜೊತೆ ಮಾತಾಡುವ ಐ2ಸಿ ಎಳೆಗಳೊಳಗೆ ಆರ್‌ಎಫ್ ನುಗ್ಗಿ ಸಂಭಾಷಣೆ ಕೆಡಿಸುತ್ತದೆ. ಆರ್ಡುಯಿನೋ, ಎಸ್‌ಐ5351, ಪರದೆ ಮೂರನ್ನೂ ತಾಮ್ರದ ಪಿಸಿಬಿ ತುಂಡುಗಳನ್ನು ಬೆಸುಗೆ ಹಾಕಿ ಮಾಡಿದ ಡಬ್ಬಿಯೊಳಗೆ ಇಡಿ. ಒಳಗೆ ಬರುವ ಪ್ರತಿ ವೈರಿಗೂ ಫೆರೈಟ್ ಮಣಿ, ಡಬ್ಬಿಯ ಗೋಡೆಯಲ್ಲೇ 1 ನ್ಯಾನೋಫ್ಯಾರಡ್. ಐ2ಸಿ ವೈರ್ ಬೆರಳುದ್ದ ದಾಟಬಾರದು. ಸಿಗ್ನಲ್ ಹೊರಗೆ ಬರುವುದು ತೆಳು ಕೋಆಕ್ಸ್‌ನಲ್ಲಿ. ಈ ಡಬ್ಬಿ ವಾಲ್ವಿನಿಂದ ಆದಷ್ಟು ದೂರ ಇರಲಿ, ಕ್ರಿಸ್ಟಲ್ಲಿಗೆ ಶಾಖ ತಾಗದಂತೆ. ಎಚ್‌ಟಿ ಆನ್ ಇರುವಾಗ ಲ್ಯಾಪ್‌ಟಾಪ್ ಯುಎಸ್‌ಬಿ ಸಿಕ್ಕಿಸಬೇಡಿ, ಪ್ರೋಗ್ರಾಮ್ ಹಾಕಿ, ಕೇಬಲ್ ತೆಗೆದು, ಆಮೇಲೆ ಎಚ್‌ಟಿ.

ಪರೀಕ್ಷೆ ಈ ಕ್ರಮದಲ್ಲಿ ಮಾಡಿ. ಮೊದಲು ಡಮ್ಮಿ ಲೋಡ್. 1 ಕಿಲೋ ಓಮ್ ಅರ್ಧ ವ್ಯಾಟ್ ಕಾರ್ಬನ್ ರೆಸಿಸ್ಟರ್ ಇಪ್ಪತ್ತನ್ನು ಪ್ಯಾರಲಲ್ ಹಾಕಿದರೆ 50 ಓಮ್, 10 ವ್ಯಾಟ್. ವೈರ್‌ವೌಂಡ್ ರೆಸಿಸ್ಟರ್ ಬೇಡ, ಅದು ಕಾಯಿಲ್ ಹಾಗೆ ವರ್ತಿಸುತ್ತದೆ. ಅದರ ಮೇಲೆ 1ಎನ್4148 ಡಯೋಡ್, 10 ನ್ಯಾನೋಫ್ಯಾರಡ್ ಹಾಕಿ ಡಿಸಿ ಮೀಟರಿನಲ್ಲಿ ನೋಡಿ. 24 ವೋಲ್ಟ್ ಅಂದರೆ 6 ವ್ಯಾಟ್. ಎಚ್‌ಟಿ ಇಲ್ಲದೆ ಬಯಾಸ್ ಮತ್ತು ಡ್ರೈವ್ ಮಾತ್ರ ಕೊಟ್ಟು ಗ್ರಿಡ್ ಟ್ರಿಮ್ಮರ್ ತಿರುಗಿಸಿ, 22 ಕಿಲೋ ಓಮ್ ರೆಸಿಸ್ಟರ್ ಮೇಲಿನ ವೋಲ್ಟೇಜ್ ಗರಿಷ್ಠ ಆಗುವ ಕಡೆ ನಿಲ್ಲಿಸಿ. ಆಮೇಲೆ ಡ್ರೈವ್ ತೆಗೆದು ಎಚ್‌ಟಿ ಕೊಡಿ, ಪ್ಲೇಟ್ ಕರೆಂಟ್ ಸೊನ್ನೆ ಇರಬೇಕು. ಈಗ ಬಯಾಸನ್ನು ನಿಧಾನಕ್ಕೆ ಕಡಿಮೆ ಮಾಡಿ ಕರೆಂಟ್ 20 ಮಿಲಿಆಂಪಿಯರ್‌ಗೆ ತನ್ನಿ, ಪ್ಲೇಟ್ ಗ್ಯಾಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕರೆಂಟ್ ಅಲುಗಾಡದಿದ್ದರೆ, ಡಮ್ಮಿ ಲೋಡ್‌ನಲ್ಲಿ ಏನೂ ಕಾಣದಿದ್ದರೆ ವಾಲ್ವ್ ಶಾಂತವಾಗಿದೆ. ಎಲ್ಲೋ ಒಂದು ಕಡೆ ಕರೆಂಟ್ ಜಿಗಿದರೆ ಅದು ತಾನೇ ಆಸಿಲೇಟ್ ಆಗುತ್ತಿದೆ, ಗ್ರಿಡ್ ಮತ್ತು ಪ್ಲೇಟ್ ನಡುವೆ ತಗಡಿನ ಗೋಡೆ ಹಾಕಿ, 4.7 ಕಿಲೋ ಓಮನ್ನು 2.2ಕ್ಕೆ ಇಳಿಸಿ ಮತ್ತೆ ನೋಡಿ. ಈ ಒಂದು ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಮುಗಿದ ಮೇಲೆ ಬಯಾಸ್ ಮತ್ತೆ ಮೈನಸ್ 21ಕ್ಕೆ. ಆಮೇಲೆ ಕೀ ಒತ್ತಿ ಪ್ಲೇಟ್ ಗ್ಯಾಂಗಿನಲ್ಲಿ ಕರೆಂಟ್ ಕುಸಿಯುವ ಜಾಗ ಹಿಡಿಯಿರಿ, ಆಂಟೆನಾ ಗ್ಯಾಂಗ್ ಸ್ವಲ್ಪ ತೆರೆಯಿರಿ, ಮತ್ತೆ ಕುಸಿತ ಹಿಡಿಯಿರಿ, 40 ಮಿಲಿಆಂಪಿಯರ್ ಬರುವ ತನಕ. ಟೈನಿಎಸ್‌ಎ (ಪುಟ್ಟ ಸ್ಪೆಕ್ಟ್ರಮ್ ಅನಲೈಸರ್) ಯಾರ ಹತ್ತಿರವಾದರೂ ಸಿಕ್ಕರೆ ಹಾರ್ಮೋನಿಕ್ ನೋಡಿ, ಆದರೆ 40 ಡಿಬಿ ಅಟೆನ್ಯುಯೇಟರ್ ಇಲ್ಲದೆ ಕೊಡಬೇಡಿ, 6 ವ್ಯಾಟ್ ಅದನ್ನು ಸುಟ್ಟುಹಾಕುತ್ತದೆ.

ಬಿಡಿಭಾಗಗಳಿಗೆ ಹೈದರಾಬಾದಿನ ಕೋಟಿಯ ಗುಜರಾತಿ ಗಲ್ಲಿಗೆ ಒಂದು ಸಲ ಹೋಗಿ ಬನ್ನಿ, ಇಲ್ಲ ಬೆಂಗಳೂರಿನ ಎಸ್‌ಪಿ ರೋಡ್. ಟೊರಾಯ್ಡ್ ಮಾತ್ರ ಆನ್‌ಲೈನಿನಲ್ಲಿ ನಂಬಿಕೆಯವರಿಂದ ತರಿಸಿ, ಬಣ್ಣ ಹಚ್ಚಿದ ನಕಲಿ ಬಹಳ ಇವೆ. ಇದನ್ನು ಓದುತ್ತಿರುವ ಲೈಸೆನ್ಸ್ ಇಲ್ಲದವರು ಮೊದಲು ಎಎಸ್‌ಒಸಿ (ಹ್ಯಾಮ್ ಆಪರೇಟರ್ ಪ್ರಮಾಣಪತ್ರ) ಪರೀಕ್ಷೆ ಬರೆಯಿರಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದೇ ಅಪರಾಧ.

ಕೊನೆಗೆ ಬೆಂಗಳೂರು. ತಲುಪುತ್ತದೆ. ಕಲಬುರಗಿಯಿಂದ ನೇರ ರೇಖೆಯಲ್ಲಿ ಹೈದರಾಬಾದ್ ಸುಮಾರು 175 ಕಿಲೋಮೀಟರ್, ಬೆಂಗಳೂರು 490. ಹಗಲು ಹೊತ್ತಿನಲ್ಲಿ ನಲವತ್ತು ಮೀಟರ್ ಬ್ಯಾಂಡಿನ ಸಿಗ್ನಲ್ ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಹೋಗಿ ಅಯನೋಸ್ಫಿಯರಿಗೆ ತಾಗಿ ಸುತ್ತಲಿನ ಐನೂರು ಕಿಲೋಮೀಟರಿಗೆ ಬೀಳುತ್ತದೆ. ಅದಕ್ಕೆ ಎತ್ತರದ ಟವರ್ ಬೇಡ. 7.05 ಮೆಗಾಹರ್ಟ್ಸ್‌ಗೆ ಡೈಪೋಲ್ ಒಟ್ಟು 20.3 ಮೀಟರ್, ಒಂದೊಂದು ತೋಳು 10 ಮೀಟರ್ ಚಿಲ್ಲರೆ. ಮಾಳಿಗೆ ಮೇಲೆ ನೆಲದಿಂದ ಏಳೆಂಟು ಮೀಟರ್ ಎತ್ತರ ಸಿಕ್ಕರೆ ಸಾಕು, ತುದಿಗಳು ಬೇವಿನ ಮರಕ್ಕೆ ಇಳಿದರೂ ಪರವಾಗಿಲ್ಲ. ಮೊದಲು ಸ್ವಲ್ಪ ಉದ್ದ ಬಿಟ್ಟು ನ್ಯಾನೋವಿಎನ್‌ಎ (ಆಂಟೆನಾ ಟ್ಯೂನ್ ಅಳೆಯುವ ಮೀಟರ್) ನೋಡುತ್ತ ಕತ್ತರಿಸಿ. ಭೂಮಿಗೆ ಹೊಡೆದ ಅರ್ಥಿಂಗ್ ಸರಳನ್ನು ಬೇಸಿಗೆಯಲ್ಲಿ ನೋಡಿಕೊಳ್ಳಿ, ನಮ್ಮ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಸರಳಿನ ಸುತ್ತ ಮಣ್ಣು ಬಿಟ್ಟುಕೊಳ್ಳುತ್ತದೆ, ನೀರು ಹಾಕುತ್ತಿರಬೇಕು. ಬೀದರ್ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಒಂದು ಸರಳು ಸಾಲದು, ಎರಡು ಮೂರು ಹಾಕಬೇಕಾಗುತ್ತದೆ. ಏಪ್ರಿಲ್ ಮೇ ಸಂಜೆ ಗುಡುಗು ಕೇಳಿದರೆ ಆಂಟೆನಾ ವೈರ್ ಕಿತ್ತು ಮನೆಯ ಹೊರಗೇ ಇಡಿ.

ಮೊದಲು ಬೆಳಗ್ಗೆ ಎಂಟರಿಂದ ಹತ್ತರ ನಡುವೆ ಕರೆಯಿರಿ. ಯಾರೂ ಉತ್ತರ ಕೊಡದಿದ್ದರೆ ಟ್ರಾನ್ಸ್‌ಮಿಟರ್ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಬೇಡಿ. ನಿಧಾನಕ್ಕೆ ಸಿಕ್ಯೂ (ಎಲ್ಲರಿಗೂ ಕರೆ) ಜೊತೆ ನಿಮ್ಮ ಕಾಲ್ ಸೈನ್ ಮೂರು ನಾಲ್ಕು ಸಲ ಕಳಿಸಿ, ಆಮೇಲೆ ರಿವರ್ಸ್ ಬೀಕನ್ ನೆಟ್‌ವರ್ಕ್ ವೆಬ್‌ಸೈಟ್ ತೆರೆದು ನೋಡಿ, ಯಾವ ದೇಶದ ಯಾವ ಯಂತ್ರ ನಿಮ್ಮನ್ನು ಎಷ್ಟು ಡಿಬಿಯಲ್ಲಿ ಕೇಳಿತು ಅಂತ ಅಲ್ಲೇ ಕಾಣುತ್ತದೆ. ಕಟ್ಟಿದ ಮೇಲೆ ಎಚ್‌ಟಿ ವೋಲ್ಟೇಜ್, ಪ್ಲೇಟ್ ಕರೆಂಟ್, ಸ್ಕ್ರೀನ್ ಕರೆಂಟ್ ಮತ್ತು ಡಮ್ಮಿ ಲೋಡ್ ಮೇಲಿನ ವೋಲ್ಟೇಜ್ ಈ ನಾಲ್ಕನ್ನು ಬರೆದು ಕಳಿಸಿ. ಸ್ಕ್ರೀನ್ ಕರೆಂಟ್ 7 ಮಿಲಿಆಂಪಿಯರ್ ದಾಟುತ್ತಿದ್ದರೆ ಕಾಯುತ್ತ ಕೂರಬೇಡಿ, ಆಂಟೆನಾ ಬದಿಯ ಲೋಡಿಂಗ್ ಕಡಿಮೆಯಾಗಿದೆ, ಆ ಗ್ಯಾಂಗನ್ನು ಇನ್ನಷ್ಟು ತೆರೆಯಿರಿ.